ಗಂಗವ್ವನ ಮನೆಗೆ ಹೋಗುತ್ತಿದ್ದ ದಿನಗಳು

ಕುಷ್ಟಗಿ ಬ್ಲಾಕ್ ಆಫೀಸಿಗೆ ಮುಖ್ಯ ಸೇವಿಕೆಯಾಗಿ ಸೇರಿದಾಗ ನನಗೆ ಕೊಟ್ಟ ಮೊದಲ ಕೆಲಸ ಹೊಗೆಯಿಲ್ಲದ ಒಲೆ ಹಾಕಿಸುವುದು. ಊರೂರಿಗೆ ಹೋಗಿ ಮಹಿಳಾ ಮಂಡಳದ ಹೆಂಗಸರನ್ನು ಕೂಡಿಸಿ, ಮಣ್ಣು ಕಲಸಿ ತೋರಿಸಬೇಕು. ನಾನು ಗಂಗಾವತಿಯವಳು. ನಮ್ಮ ಕಡೆಯ ಗದ್ದೆಯ ಜಿಗುಟು ಮಣ್ಣು ಗೊತ್ತಿತ್ತೇ ಹೊರತು ಈ ಒಣಭೂಮಿಯ ಮಣ್ಣಿನ ಗುಣ ಗೊತ್ತಿರಲಿಲ್ಲ. ಹಾಕಿಸಿದ ಒಲೆಗಳೆಲ್ಲ ವಾರದೊಳಗೆ ಬಿರುಕು ಬಿಟ್ಟವು. ತಿಂಗಳಾದ ಮೇಲೆ ತಪಾಸಣೆಗೆ ಹೋದರೆ ಒಂದು ಮನೆಯಲ್ಲಿ ಒಲೆಯೊಳಗೆ ಕೋಳಿ ಕಾವಿಗೆ ಕೂತಿತ್ತು. ಮನೆಯಾಕೆಗೆ ನನ್ನ ಮುಖ ನೋಡಿ ಕನಿಕರ ಬಂತೇನೋ, "ಹೊಗಿ ಅಂತೂ ಬರವಲ್ದರಿ ಅಕ್ಕಾರ" ಅಂದಳು.

ಈಗ ಇದೇ ಇಲಾಖೆಗೆ ಸೇರುವ ಹುಡುಗಿಯರು ಆಗಾಗ ಮನೆಗೆ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ಬಡ್ತಿ, ವರ್ಗಾವಣೆಗಳ ಸಂಗತಿ ಅವರಿಗೆ ಬೇಡ, ನನಗೂ ಬೇಡ. ಒಲೆಯ ಕಥೆ ಹೇಳಿದರೆ ನಗುತ್ತಾರೆ. ಆದರೆ ನನ್ನ ಮನಸ್ಸು ಬೇರೆ ಕಡೆಗೆ ಎಳೆಯುತ್ತಿರುತ್ತದೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಎಪ್ಪತ್ತರ ದಶಕ ಅದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ರಾಯಚೂರು ಜಿಲ್ಲೆಯಲ್ಲೇ ಇದ್ದವು. ನನ್ನ ಯಜಮಾನರು ಮುನಿರಾಬಾದಿನಲ್ಲಿ ನೀರಾವರಿ ಕಚೇರಿಯ ನೌಕರರು. ನಾನು ಕುಷ್ಟಗಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದೆ. ಒಂದು ಭಾನುವಾರ ಅವರು ಬಂದರೆ ಇನ್ನೊಂದು ಭಾನುವಾರ ನಾನು ಹೋಗುವುದು. ನಮಗೆ ಮಕ್ಕಳಾಗಲಿಲ್ಲ. ವಾರದ ಉಳಿದ ದಿನಗಳೆಲ್ಲ ಬಸ್ಸು, ಚಕ್ಕಡಿ, ಕಾಲುದಾರಿ. ಸಂಜೆ ಆ ಕೋಣೆಗೆ ವಾಪಸು ಬಂದು ಬೀಗ ತೆಗೆಯುವುದು ಮಾತ್ರ ನನಗೆ ಯಾವತ್ತೂ ರೂಢಿಯಾಗಲಿಲ್ಲ.

ಗಂಗವ್ವನ ಊರಿನ ಹೆಸರು ಬರೆಯುವುದಿಲ್ಲ. ಕುಷ್ಟಗಿಯಿಂದ ಇಳಕಲ್ಲಿನ ದಿಕ್ಕಿಗಿದ್ದ ನೇಕಾರರ ಊರು. ಬೀದಿಗೆ ಕಾಲಿಟ್ಟರೆ ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಅಲ್ಲಿ ಮಂಡಳದ ಸಭೆ ನಡೆದಾಗ ಒಬ್ಬ ಹೆಂಗಸು ಒಳಗೆ ಬರದೆ ಬಾಗಿಲ ಹೊರಗೇ ನಿಂತಿರುತ್ತಿದ್ದಳು. ಸೊಂಟದ ಮೇಲೆ ಒಬ್ಬ ಹುಡುಗ. ಎತ್ತಿಕೊಳ್ಳುವ ವಯಸ್ಸು ದಾಟಿ ಎಷ್ಟೋ ಕಾಲವಾಗಿತ್ತು ಅವನಿಗೆ. ಕಾಲುಗಳು ಅವಳ ಮೊಳಕಾಲಿನವರೆಗೆ ಜೋತಾಡುತ್ತಿದ್ದವು.

"ಇಳಿಸವ್ವಾ, ನಡೀಲಿ" ಎಂದೆ ಒಂದು ದಿನ.

"ಇವತ್ತ ನಡಿಯೂದಿಲ್ರಿ ಅಂವ. ಮುಂದಿನ ವಾರ ನಡೀತಾನ."

ಆ ಮಾತು ನನಗೆ ವಿಚಿತ್ರವೆನಿಸಿತು. ಸಭೆ ಮುಗಿದ ಮೇಲೆ ಅವಳ ಹಿಂದೆಯೇ ಮನೆಗೆ ಹೋದೆ. ಗಂಡ ಸಂಗಪ್ಪ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಕೂತಿದ್ದ. ನನ್ನನ್ನು ನೋಡಿ ಕೈ ಮುಗಿದು ಮತ್ತೆ ಲಾಳಿ ಎಸೆದ. ಮಗಳು ರೇಣುಕಾ, ಹತ್ತು ಹನ್ನೊಂದರ ಹುಡುಗಿ, ರಾಟಿಯ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಗಂಗವ್ವ ಹುಡುಗನನ್ನು ಕೌದಿಯ ಮೇಲೆ ಮಲಗಿಸಿ ಚಡ್ಡಿಯ ಅಂಚು ಸರಿಸಿದಳು. ಮೊಣಕಾಲು ಊದಿ ಬಿಂದಿಗೆಯಂತಾಗಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು.

"ಒಳಗ ರಕ್ತ ಸೋರತೈತ್ರಿ. ತಾನ ನಿಂದ್ರೂದಿಲ್ಲ" ಎಂದಳು.

ಹುಡುಗನ ಹೆಸರು ಬಸವರಾಜ, ಮನೆಯಲ್ಲಿ ಬಸ್ಯಾ. ಅವನಿಗಿಂತ ಮೊದಲು ಒಬ್ಬ ಮಗ ಹುಟ್ಟಿ, ಹಾಲುಹಲ್ಲು ಬಿದ್ದಾಗ ರಕ್ತ ನಿಲ್ಲದೆ ತೀರಿಕೊಂಡಿದ್ದ. ಬಸ್ಯಾನಿಗೂ ಅದೇ ಆಗುವುದು ಕಂಡು ಗಂಗವ್ವ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗಿದ್ದಳು. ಅಲ್ಲಿ ಹಿಮೋಫಿಲಿಯ ಎಂದು ಹೆಸರು ಹೇಳಿದ್ದರು. ಆ ಹೆಸರು ಅವಳ ನಾಲಿಗೆಗೆ ಹೊರಳುತ್ತಿರಲಿಲ್ಲ. ಗುಣವಾಗುವ ರೋಗವಲ್ಲ, ಸೋರಿಕೆ ಹೆಚ್ಚಾದಾಗ ಕರೆತಂದರೆ ಬೇರೆಯವರ ರಕ್ತವನ್ನೋ ರಕ್ತದ ತಿಳಿಯನ್ನೋ ಏರಿಸಿ ನಿಲ್ಲಿಸುತ್ತೇವೆ, ರಕ್ತ ಕೊಡುವವರನ್ನು ಮಾತ್ರ ನೀವೇ ಕರೆದುಕೊಂಡು ಬರಬೇಕು ಎಂದಿದ್ದರು. ಅಂದರೆ ಕುಷ್ಟಗಿಗೆ ನಡೆದು, ಕೊಪ್ಪಳಕ್ಕೆ ಬಸ್ಸು ಹಿಡಿದು, ಅಲ್ಲಿಂದ ರೈಲು ಹತ್ತಬೇಕು. ಜೊತೆಗೆ ಇನ್ನೊಬ್ಬರ ಟಿಕೀಟು, ಊಟ. ಅಷ್ಟೂ ದಿನ ಮಗ್ಗ ನಿಲ್ಲುತ್ತಿತ್ತು. ಪ್ರತಿ ಸಲ ಮನೆಯಲ್ಲಿ ಏನಾದರೊಂದು ಕಡಿಮೆಯಾಗುತ್ತಿತ್ತು. ನಾನು ಮೊದಲು ಹೋದಾಗ ಗೋಡೆಯ ಗೂಡಿನಲ್ಲಿ ಸಾಲಾಗಿದ್ದ ಹಿತ್ತಾಳೆ ಪಾತ್ರೆಗಳು ಎರಡು ವರ್ಷದಲ್ಲಿ ಒಂದೂ ಉಳಿಯಲಿಲ್ಲ.

ನಮ್ಮ ಮಂಡಳದ ಹೆಂಗಸರು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿ ಕುಷ್ಟಗಿಯ ಸಂತೆಗೆ ಕಳಿಸುತ್ತಿದ್ದರು. ಅದರಲ್ಲಿ ಉಳಿದದ್ದನ್ನು ಬಳ್ಳಾರಿ ಪ್ರಯಾಣಕ್ಕೆ ಕೊಡುವುದೆಂದು ಮಾಡಿದೆವು. ಕುಷ್ಟಗಿಯ ಬಸ್ ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಮಲ್ಲಪ್ಪನೆಂಬ ತರುಣನನ್ನು ರಕ್ತ ಕೊಡಲು ಒಪ್ಪಿಸಿದೆ. ಅವನು ಗಂಗವ್ವನ ಊರಿನವನೇ. ಮೊದಲ ಸಲ ಹೋಗಿ ಬಂದಾಗ, "ಸೂಜಿ ನೋಡಿ ಕಣ್ಣಿಗೆ ಕತ್ತಲಿ ಬಂತ್ರಿ ಅಕ್ಕಾರ" ಎಂದು ಒಪ್ಪಿಕೊಂಡ. ಆದರೂ ಮುಂದಿನ ಸಲ ತಾನಾಗಿಯೇ ಬಂದ. ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ದಿಂಬು ಕಟ್ಟಿ, ಬಸ್ಯಾನನ್ನು ಕೂಡಿಸಿಕೊಂಡು, ತಗ್ಗುದಿಣ್ಣೆ ಬಂದಲ್ಲಿ ತಾನು ಇಳಿದು ತಳ್ಳಿಕೊಂಡು ಹೋಗುತ್ತಿದ್ದ.

ನಾನು ಆ ಊರಿನ ಕೆಲಸವಿಲ್ಲದಿದ್ದರೂ ಆ ದಾರಿ ಹಿಡಿಯತೊಡಗಿದ್ದೆ. ಹೋದ ಕೂಡಲೇ ಗಂಗವ್ವ ಮಗ್ಗದ ಪಕ್ಕ ಚಾಪೆ ಹಾಸುತ್ತಿದ್ದಳು. ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ನಾನು ಉಣ್ಣುತ್ತಿರುವಾಗ ಅವಳು ರಾಟಿ ತಿರುಗಿಸುತ್ತ ಮಾತಾಡುತ್ತಿದ್ದಳು. ಯಾರದೋ ಮನೆಯ ಸೊಸೆಯ ಸಂಗತಿ, ನೂಲಿನ ಬಣ್ಣ ಹತ್ತದ್ದು, ಇಳಕಲ್ಲಿನ ಸಾವುಕಾರರ ಜಿಪುಣತನ. ಒಮ್ಮೆ ನನ್ನ ಕಡೆ ನೋಡದೆಯೇ ಅಂದಳು: "ದೇವರು ನನಗ ಕೊಟ್ಟು ಕಸಗೊಳ್ಳಾಕ ಹತ್ಯಾನ, ನಿಮಗ ಕೊಡಲೇ ಇಲ್ಲ. ಯಾವುದು ಛಲೋ ಅಂತ ನನಗ ತಿಳಿವಲ್ದರಿ ಅಕ್ಕಾರ." ಆ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಅವಳ ಬಾಯಲ್ಲಿ ಅದು ನೋಯಿಸಲಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಎಂಬತ್ತರ ಆಸುಪಾಸಿನಲ್ಲಿ ಅಂಗವಿಕಲರಿಗೆ ತಿಂಗಳ ವೇತನ ಕೊಡುವ ಯೋಜನೆ ನಮ್ಮ ತಾಲ್ಲೂಕಿಗೆ ಬಂತು. ನಾನು ಅರ್ಜಿ ಹಿಡಿದು ಮೊದಲು ಓಡಿದ್ದೇ ಗಂಗವ್ವನ ಮನೆಗೆ. ಅವಳು ರಾಟಿ ನಿಲ್ಲಿಸಿದಳು.

"ಬ್ಯಾಡ್ರಿ."

"ಯಾಕ ಗಂಗವ್ವಾ? ತಿಂಗಳಾ ತಿಂಗಳಾ ಮನಿಗೆ ಬರತೈತಿ."

"ಯಾವ ರೋಗ, ಹೆಂಗ ಬಂತು ಅಂತ ಬರಸ್ತೀರಿ. ಚಾವಡ್ಯಾಗ ಎಲ್ಲಾರ ಮುಂದ ಓದತೀರಿ. ಆಮ್ಯಾಲ ರೇಣವ್ವನ್ನ ಯಾರು ಮಾಡ್ಕೋತಾರ?"

ಆಗ ನನಗೆ ಅರ್ಥವಾಯಿತು. ಹುಡುಗನ ಕಾಲು ಕೆಟ್ಟಿರುವುದು ಊರಿಗೆಲ್ಲ ಗೊತ್ತಿತ್ತು. ಮಗ್ಗದ ಕುಣಿಯಲ್ಲಿ ಬಿದ್ದು ಹಾಗಾಯಿತು, ರಕ್ತ ಏರಿಸುವುದೂ ಅದಕ್ಕೇ ಎಂದು ಗಂಗವ್ವ ಹೇಳಿಕೊಂಡು ಬಂದಿದ್ದಳು. ಬಳ್ಳಾರಿಯ ವೈದ್ಯರು ಹೇಳಿದ ಇನ್ನೊಂದು ಮಾತನ್ನು ಮಾತ್ರ ಅವಳು ಮನೆಯಾಚೆ ಯಾರಿಗೂ ಹೇಳಿರಲಿಲ್ಲ, ನನಗೂ ಅವತ್ತೇ ಹೇಳಿದಳು. ಈ ರೋಗ ಹೆಣ್ಣುಮಕ್ಕಳ ಮೂಲಕ ಇಳಿಯುತ್ತದೆ. ಹೆಣ್ಣಿಗೆ ಹೊರಗೆ ಏನೂ ಕಾಣಿಸುವುದಿಲ್ಲ, ಅವಳ ಗಂಡುಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು. ರೇಣುಕಾಳಲ್ಲಿ ಅದು ಇದೆಯೋ ಇಲ್ಲವೋ ಹೇಳುವ ಪರೀಕ್ಷೆ ಆಗ ನಮ್ಮಂಥವರ ಕೈಗೆ ಎಟುಕುವಂತಿರಲಿಲ್ಲ.

ಹೊಸದಾಗಿ ಕೆಲಸಕ್ಕೆ ಬರುವವರಿಗೆ ಇದೊಂದು ಹೇಳಬೇಕು. ನೆರವನ್ನು ಯಾರಾದರೂ ಬೇಡವೆಂದರೆ ಅವರಿಗೆ ತಿಳಿವಳಿಕೆ ಇಲ್ಲ ಎಂದುಕೊಳ್ಳಬೇಡಿ. ಅದನ್ನು ತೆಗೆದುಕೊಂಡರೆ ಏನು ಹೋಗುತ್ತದೆ ಎಂಬುದು ಅವರಿಗೆ ಕಾಣುತ್ತಿರುತ್ತದೆ. ನಾನು ಅರ್ಜಿಯನ್ನು ಚೀಲದಲ್ಲಿಟ್ಟುಕೊಂಡು ವಾಪಸು ಬಂದೆ.

ರೇಣುಕಾ ಹದಿನೆಂಟು ತುಂಬಿದ ವರ್ಷ ಯಲಬುರ್ಗಾ ಕಡೆಯಿಂದ ಒಂದು ಸಂಬಂಧ ಬಂತು. ಸ್ವಂತ ಎರಡು ಮಗ್ಗ ಇದ್ದ ಮನೆ. ಕನ್ಯೆ ನೋಡುವ ದಿನ ಹಿರಿಯರ ಲೆಕ್ಕದಲ್ಲಿ ನನ್ನನ್ನೂ ಕರೆದಿದ್ದರು. ಉಪ್ಪಿಟ್ಟು, ಚಹಾ ಆಯಿತು. ವರನ ಸೋದರಮಾವ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಬಸ್ಯಾನನ್ನು ನೋಡಿ, "ಹುಡುಗನ ಕಾಲಿಗೆ ಏನಾಗೈತ್ರಿ?" ಎಂದು ಸಹಜವಾಗಿ ಕೇಳಿದ.

"ಸಣ್ಣಾಂವ ಇದ್ದಾಗ ಬಿದ್ದಾನ್ರಿ" ಎಂದಳು ಗಂಗವ್ವ.

ರೇಣುಕಾ ಕಪ್ಪುಗಳ ತಟ್ಟೆ ಹಿಡಿದು ನಿಂತಿದ್ದಳು. ಅದನ್ನು ಕೆಳಗಿಟ್ಟಳು.

"ಬಿದ್ದಿಲ್ರಿ. ಅದು ಹುಟ್ಟಿನಿಂದ ಬಂದದ್ದು. ರಕ್ತ ನಿಂದ್ರೂದಿಲ್ಲ. ನಮ್ಮ ದೊಡ್ಡಣ್ಣ ಅದರಾಗ ಹೋಗ್ಯಾನ. ನಮ್ಮವ್ವನ ಕಡಿಂದ ಬಂದೈತಿ, ನನ್ನ ಕಡಿಂದ ನನ್ನ ಮಕ್ಕಳಿಗೂ ಬರಬಹುದು. ನಿಮ್ಮ ಮನಿಗೆ ಬಂದು ಆಮ್ಯಾಲ ಹೇಳೂದಕ್ಕಿಂತ ಈಗ ಹೇಳೂದು ಛಲೋ ಅನಸ್ತು."

ಅವರು ಕೆಟ್ಟ ಜನರಲ್ಲ. ಯಾರೂ ದನಿ ಏರಿಸಲಿಲ್ಲ. ಆ ಮಾವ, "ಹೇಳಿದ್ದು ಭಾಳ ಛಲೋ ಆತವ್ವಾ" ಎಂದ. ತಿಳಿಸುತ್ತೇವೆ ಎಂದು ಹೇಳಿ ಎದ್ದರು. ಅವರ ಚಕ್ಕಡಿ ಬೀದಿ ದಾಟುವ ತನಕ ಗಂಗವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಆಮೇಲೆ ಮಗಳ ಸಂಗಡ ಮಾತು ಬಿಟ್ಟಳು. ಒಂದೇ ಒಲೆ, ಒಂದೇ ರಾಟಿ, ಮಾತಿಲ್ಲ. ನಾನು ಹೋದಾಗ ಇಬ್ಬರೂ ನನ್ನೊಬ್ಬಳ ಸಂಗಡ ಮಾತಾಡುತ್ತಿದ್ದರು.

ದಸರೆ ಮುಗಿದ ಮೇಲೆ ಒಂದು ಬೆಳಿಗ್ಗೆ ರೇಣುಕಾ ನನ್ನ ಆಫೀಸಿನ ಬಾಗಿಲಿಗೆ ಬಂದಳು. "ಅಕ್ಕಾರ, ಈಗ ಬರೀರಿ ಅರ್ಜಿ. ಮುಚ್ಚಿಡೂದು ಏನೂ ಉಳಿದಿಲ್ಲ" ಎಂದಳು. ಅವಳ ಹಿಂದೆ ಗಂಗವ್ವ. ಮೇಜಿನ ಮುಂದೆ ಬಂದು ನಿಂತು ಹೆಬ್ಬೆಟ್ಟು ಮುಂದೆ ಚಾಚಿದಳು. ನಾನು ಮಸಿ ಹಚ್ಚಿ ಒತ್ತಿಸಿದೆ. ರೇಣುಕಾ ತನ್ನ ಸೆರಗಿನ ತುದಿಯಿಂದ ತಾಯಿಯ ಬೆರಳು ಒರೆಸಿದಳು. "ಬಿಡ, ಸೀರಿ ಹೊಲಸಾಗತೈತಿ" ಎಂದಳು ಗಂಗವ್ವ. ಅಷ್ಟು ದಿನಗಳ ಮೇಲೆ ಮಗಳಿಗೆ ಆಡಿದ ಮೊದಲ ಮಾತು ಅದು.

ಅರ್ಜಿ ಬರೆದರೆ ಮುಗಿಯಲಿಲ್ಲ. ವೈದ್ಯರ ಪ್ರಮಾಣಪತ್ರ ಬೇಕು. ಅದಕ್ಕಾಗಿ ನಡೆದ ತಪಾಸಣಾ ಶಿಬಿರಕ್ಕೆ ಬಸ್ಯಾನನ್ನು ಕರೆದುಕೊಂಡು ಹೋದೆವು. ಅವತ್ತು ಅವನಿಗೆ ಒಳ್ಳೆಯ ದಿನ. ಬಾವು ಇಳಿದಿತ್ತು. ತುಸು ಎಳೆದು ಹಾಕಿದರೂ ತಾನೇ ನಡೆದುಕೊಂಡು ವೈದ್ಯರ ಮುಂದೆ ಹೋದ. ಅವನ ಸರದಿಗೆ ಮೊದಲು ಎರಡೂ ಕಾಲಿಲ್ಲದ ಒಬ್ಬ ಮುದುಕ ಕೈಯೂರಿ ತೆವಳಿಕೊಂಡು ಬಂದಿದ್ದ. ವೈದ್ಯರು ಸೌಮ್ಯವಾಗಿಯೇ ಹೇಳಿದರು: ಕಾಯಂ ಅಂಗವಿಕಲತೆ ಇರಬೇಕು ಎಂದು ನಿಯಮವಿದೆ, ಈ ಹುಡುಗ ನಡೆಯುತ್ತಾನಲ್ಲ. ಬಳ್ಳಾರಿಯ ಚೀಟಿ ತೋರಿಸಿದೆ. ಅದರಲ್ಲಿ ರೋಗದ ಹೆಸರಿತ್ತು, ಕಾಲಿನ ವಿಚಾರ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಬಸ್ಯಾ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು, ಮೆಲ್ಲಗೆ ಕೇಳಿದ: "ನಾನು ಕುಂಟಬೇಕಾಗಿತ್ತೇನ್ರಿ ಅಕ್ಕಾರ?"

ಮಂಜೂರಿ ಕೊಡಬೇಕಾದವರು ತಹಸೀಲ್ದಾರರು. ಆಗ ಇದ್ದವರು ಖಾದ್ರಿ ಸಾಹೇಬರು. ಹೈದರಾಬಾದ್ ಸರ್ಕಾರದ ಕಾಲದಲ್ಲಿ ಗುಮಾಸ್ತರಾಗಿ ಸೇರಿ ಮೇಲೆ ಬಂದವರು. ಕಡತದ ಮೇಲೆ ಕನ್ನಡದಲ್ಲಿ ಬರೆಯುವ ಮೊದಲು ಬೇರೆ ಕಾಗದದಲ್ಲಿ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದರು. ಅವರೆಂದರೆ ಬ್ಲಾಕ್ ಆಫೀಸಿನವರಿಗೆಲ್ಲ ಅಂಜಿಕೆ. ನಾನು ಅವರ ಕೈಕೆಳಗಿನವಳಲ್ಲ. ಆದರೂ ಹೋಗಿ ನಿಂತು ಎಲ್ಲ ಹೇಳಿದೆ. ಕೊನೆತನಕ ಕೇಳಿದರು.

"ಕಾಯ್ದೆ ಹುಡುಗನ ಕಾಲು ನೋಡತೈತಿ ಬಾಯಾರ, ಅವನ ರಕ್ತ ನೋಡೂದಿಲ್ಲ" ಎಂದರು. ಕಡತ ಮುಚ್ಚಿ, "ಕೆಟ್ಟ ದಿನ ಬಂದಾಗ ನನಗ ಖಬರ ಕೊಡ್ರಿ. ನಾನ ನೋಡತೀನಿ."

ದೊಡ್ಡ ಅಧಿಕಾರಿಗಳು ಹೀಗೆ ಹೇಳುವುದು, ಮರೆಯುವುದು ಎರಡನ್ನೂ ನೋಡಿದ್ದೆ. ಆದರೆ ಆ ಚಳಿಗಾಲದಲ್ಲಿ ಮಲ್ಲಪ್ಪ ಸೈಕಲ್ ತುಳಿದುಕೊಂಡು ಬಂದು, ಎರಡೂ ಮೊಣಕಾಲು ಬಾತಿವೆ ಎಂದು ಹೇಳಿದಾಗ ನಾನು ತಹಸೀಲ ಕಚೇರಿಗೆ ಹೋದರೆ, ಸಾಹೇಬರು ಕೈಯಲ್ಲಿದ್ದ ಪೆನ್ನಿಗೆ ಟೊಪ್ಪಿಗೆ ಹಾಕಿ ಎದ್ದೇಬಿಟ್ಟರು. ದಾರಿಯಲ್ಲಿ ಒಬ್ಬ ಸರ್ಕಾರಿ ವೈದ್ಯರನ್ನೂ ಜೀಪಿಗೆ ಹತ್ತಿಸಿಕೊಂಡರು.

ಮನೆಯಲ್ಲಿ ಮಗ್ಗ ನಿಂತಿತ್ತು. ಬಸ್ಯಾ ಮಲಗಿದ್ದ. ಸಂಗಪ್ಪ ಎಲ್ಲಿಂದಲೋ ಕುರ್ಚಿ ತಂದ. ಸಾಹೇಬರು ಕುರ್ಚಿ ಬಿಟ್ಟು ನೆಲದ ಮೇಲೆಯೇ ಹುಡುಗನ ತಲೆಯ ಹತ್ತಿರ ಕೂತರು.

"ಭಾಳ ದರ್ದ್ ಐತೇನು ಬೇಟಾ?"

"ಮಾತಾಡಿದ್ರ ಹೆಚ್ಚಾಗತೈತ್ರಿ" ಎಂದ ಬಸ್ಯಾ.

ಸಾಹೇಬರು ಮತ್ತೆ ಅವನನ್ನು ಮಾತಾಡಿಸಲಿಲ್ಲ. ಗಂಗವ್ವನನ್ನು ಕೇಳಿದರು: ಇದು ಎಷ್ಟು ದಿನಕ್ಕೆ ಇಳಿಯುತ್ತದೆ, ಮತ್ತೆ ಯಾವಾಗ ಬರುತ್ತದೆ. ಅವಳು ಹೇಳಿದಳು. ಅವರು ವೈದ್ಯರ ಕಡೆ ತಿರುಗಿ, "ಇಳೀತೈತಿ, ತಿರುಗಿ ಬರತೈತಿ. ಸಾಯೂತನಾ ಬರತೈತಿ. ಇದು ಕಾಯಂ ಅಲ್ಲದಿದ್ರ ಕಾಯಂ ಅಂದ್ರ ಏನು ಡಾಕ್ಟರ್?" ಎಂದರು. ವೈದ್ಯರು ಬಾವಿಲ್ಲದ ದಿನ ಕಾಲು ಎಷ್ಟು ಚಾಚಲು ಬರುತ್ತದೆ ಎಂದು ವಿಚಾರಿಸಿದರು. ಪೂರ್ತಿ ನೆಟ್ಟಗಾಗುವುದು ಎಂದೋ ನಿಂತುಹೋಗಿತ್ತು. ಅದನ್ನೇ ಬರೆದು ಸಹಿ ಹಾಕಿದರು. ಹುಡುಗನನ್ನು ಅದೇ ಜೀಪಿನಲ್ಲಿ ಕೊಪ್ಪಳದ ಸ್ಟೇಷನ್ನಿಗೆ ಮುಟ್ಟಿಸಿದರು. ರಕ್ತ ಕೊಡಲು ಮಲ್ಲಪ್ಪ ಜೊತೆಗಿದ್ದ.

ಮಂಜೂರಾದವರ ಹೆಸರು ಚಾವಡಿಯಲ್ಲಿ ಓದಿದ ದಿನ ಗಂಗವ್ವ ತಾನೇ ಹೋಗಿ ಎದುರಿಗೆ ನಿಂತಿದ್ದಳು. ಯಾರೂ ಏನೂ ಅನ್ನಲಿಲ್ಲ. ಜನ ಚದುರಿದ ಮೇಲೆ ಕೆಳಗಿನ ಓಣಿಯ ಒಬ್ಬ ಮುದುಕಿ ಅವಳ ಕೈ ಹಿಡಿದು, "ನನ್ನ ತಂಗಿ ಮಗಾನೂ ಹಿಂಗ ಹೋದ. ನಾವು ದೇವರ ಕಾಟ ಅಂತ ತಿಳಕೊಂಡಿದ್ವಿ" ಎಂದಳಂತೆ. ಆಮೇಲೆ ಸುದ್ದಿ ಹೇಗೆ ಹೋಯಿತೋ, ಆನೆಗೊಂದಿ ಕಡೆಯ ಬಾಳೆತೋಟದಲ್ಲಿ ಕೂಲಿ ಮಾಡುವ ದಂಪತಿ ಇದೇ ರೋಗದ ಮಗುವನ್ನೆತ್ತಿಕೊಂಡು ವಿಚಾರಿಸುತ್ತ ನನ್ನ ಆಫೀಸಿಗೆ ಬಂದರು. ನಾನು ಅವರಿಗೆ ಏನು ಹೇಳಬೇಕೋ ಅದನ್ನು ಹೇಳಿದೆ. ಆದರೆ ಅವರಿಗೆ ಧೈರ್ಯ ಬಂದದ್ದು ಗಂಗವ್ವನ ಮನೆಯಲ್ಲಿ ಒಂದು ಮಧ್ಯಾಹ್ನ ಕೂತು ಎದ್ದ ಮೇಲೆಯೇ.

ವೇತನ ಸಣ್ಣದು. ಆದರೆ ಬಳ್ಳಾರಿಗೆ ಹೋಗಬೇಕಾದಾಗ ಯಾರ ಮನೆ ಬಾಗಿಲಿಗೂ ಹೋಗದಂತಾಯಿತು. ಪೋಸ್ಟಿನವನು ಬಂದರೆ ಬಸ್ಯಾ ತಾನೇ ಗೋಡೆ ಹಿಡಿದು ಬಾಗಿಲಿಗೆ ಬಂದು ಸಹಿ ಹಾಕುತ್ತಿದ್ದ. ಹಣ ತಾಯಿಯ ಕೈಗಿಟ್ಟು, ಹೋಗಿ ಕಂಡಿಕೆ ಸುತ್ತಲು ಕೂಡುತ್ತಿದ್ದ. ಕೆಲಸ ಮಾಡುತ್ತ ಹಾಡುತ್ತಿದ್ದ. ದನಿ ಒಡೆದು ಗಡಸಾಗಿತ್ತು. ಮೇಲ್ತುಟಿಯ ಮೇಲೆ ನಸುಗಪ್ಪು ಮೂಡಿತ್ತು.

ಅಷ್ಟಕ್ಕೇ ಅವನ ಆಯುಷ್ಯ ಮುಗಿಯಿತು. ಒಂದು ದಿನ ಹೊಸ್ತಿಲು ಎಡವಿ ತಲೆಗೆ ಪೆಟ್ಟು ಮಾಡಿಕೊಂಡ. ಹೊರಗೆ ಏನೂ ಕಾಣಲಿಲ್ಲ. ಮರುದಿನ ತಲೆನೋವೆಂದು ಮಲಗಿದವನು ಸರಿಯಾಗಿ ಕಣ್ಣು ತೆರೆಯಲಿಲ್ಲ. ರೈಲು ಹತ್ತಿಸಿದರು. ಹೊಸಪೇಟೆ ದಾಟಿದ ಮೇಲೆ ತಾಯಿಯ ತೊಡೆಯ ಮೇಲೆ ಹೋದ. ನಾನು ಆಗ ಯಲಬುರ್ಗಾಕ್ಕೆ ವರ್ಗವಾಗಿದ್ದೆ. ಮಲ್ಲಪ್ಪ ಬಂದು ಹೇಳಿದ. ಹೇಳಿ, ಆಫೀಸಿನ ಮೆಟ್ಟಿಲ ಮೇಲೆ ಕೂತು ತನ್ನ ಮೊಳಕೈಯ ಒಳಭಾಗ, ಸೂಜಿ ಚುಚ್ಚುತ್ತಿದ್ದ ಜಾಗವನ್ನು ತಿಕ್ಕುತ್ತಿದ್ದ. ಮುಂದಿನ ತಿಂಗಳು ಮನಿಯಾರ್ಡರು ಬಂದಾಗ ಗಂಗವ್ವ ಪೋಸ್ಟಿನವನಿಗೆ, "ಅಂವ ಇಲ್ಲಪ್ಪಾ, ಒಯ್ಯಿ" ಎಂದಳಂತೆ.

ಅದಾಗಿ ಒಂದು ವರ್ಷಕ್ಕೆ ಮಲ್ಲಪ್ಪ ರೇಣುಕಾಳನ್ನು ಕೇಳಿದ. ಗಂಗವ್ವ, "ನಿನಗ ಎಲ್ಲಾ ಗೊತ್ತೈತಿ. ಗೊತ್ತಿದ್ದೂ ಕೇಳತೀಯೇನು?" ಎಂದಳಂತೆ. "ಗೊತ್ತಿದ್ದದ್ದಕ್ಕ ಕೇಳಾಕತ್ತೀನವ್ವಾ. ಗೊತ್ತಿಲ್ಲದಾಂವ ಬಂದು ಆಮ್ಯಾಲ ಅಕೀನ್ನ ಬೈಯೂದು ಬ್ಯಾಡ" ಎಂದನಂತೆ ಅವನು. ಮದುವೆಗೆ ನಾನೂ ನಮ್ಮ ಯಜಮಾನರೂ ಹೋಗಿದ್ದೆವು. ಸಂಗಪ್ಪ ನನಗೆ ತಾನು ನೇಯ್ದ ಒಂದು ಸೀರೆ ಉಡಿಸಿದ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಒಲೆಗೊಂದು ಗುರಿ, ಸಭೆಗೊಂದು ಗುರಿ, ತಿಂಗಳ ಕೊನೆಗೆ ವರದಿ. ಓಡಾಟಕ್ಕೆ ಜೀಪು ಬಂತು. ಜೀಪಿನಲ್ಲಿ ಹೋದರೆ ಒಂದೇ ದಿನ ನಾಲ್ಕು ಊರು ಮುಗಿಸಬಹುದು, ಆದರೆ ಯಾರ ಮನೆಯಲ್ಲೂ ರೊಟ್ಟಿ ಬಡಿಯುವ ತನಕ ಕೂಡಲಾಗುವುದಿಲ್ಲ. ನಾನು ಗಂಗಾವತಿಗೆ, ನನ್ನ ತವರಿಗೇ ಬಂದಿದ್ದೆ. ಸಂಜೆ ಕಾಲುವೆಯ ಹಸಿರು ನೋಡುತ್ತ ನಿಂತರೂ ಮನಸ್ಸು ಆ ನೇಕಾರರ ಓಣಿಯಲ್ಲಿ ತಿರುಗುತ್ತಿತ್ತು. ಭತ್ತದ ಊರಿನಲ್ಲಿ ಕೂತು ಜೋಳದ ರೊಟ್ಟಿಗೆ ಹಂಬಲಿಸುವ ಹೆಂಗಸು ಎಂದು ಯಜಮಾನರು ನಗುತ್ತಿದ್ದರು. ರೊಟ್ಟಿಗಾಗಿ ಅಲ್ಲವೆಂಬುದು ಅವರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಆಫೀಸಿನಲ್ಲಿ ತಲೆ ಎತ್ತಿ ನೋಡಿದರೆ ಗಂಗವ್ವ ಬಾಗಿಲಲ್ಲಿ ನಿಂತಿದ್ದಾಳೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಜೊತೆಗೆ ಯಾರೂ ಇಲ್ಲ. ಬಸ್ಸು ಬದಲಿಸಿ ಬದಲಿಸಿ ಒಬ್ಬಳೇ ಬಂದಿದ್ದಳು. ರೇಣುಕಾಳಿಗೆ ಗಂಡುಮಗುವಾದದ್ದು ಕೇಳಿದ್ದೆ.

"ಏನಾತು ಗಂಗವ್ವಾ?"

"ಕುಂದರತೀನಿ ತಡೀರಿ" ಎಂದು ನೆಲದ ಮೇಲೆ ಕೂತಳು. ನಾನೂ ಕುರ್ಚಿ ಬಿಟ್ಟು ಅವಳ ಪಕ್ಕ ಕೂತೆ.

"ನಿನ್ನಿ ಮುಂಜಾನಿ ಕೂಸು ಕಟ್ಟಿ ಮ್ಯಾಲಿಂದ ಬಿತ್ರಿ. ತುಟಿ ಒಡೀತು. ರಕ್ತ ಬಂತು. ರೇಣವ್ವ ಅಳಾಕ ಹತ್ತಿದ್ಲು. ಮಲ್ಲಪ್ಪ ಸೈಕಲ್ ತರಾಕ ಓಡಿದ. ನಾನು ಕೂಸಿನ್ನ ತೊಡಿಮ್ಯಾಲ ಹಾಕ್ಕೊಂಡು ಅದರ ಬಾಯಿ ನೋಡಕೋತ ಕುಂತೆ. ಮಲ್ಲಪ್ಪ ತಿರುಗಿ ಬರೂದ್ರಾಗ ನಿಂತಿತ್ರಿ."

"ನಿಂತಿತ್ತಾ?"

"ತಾನ ನಿಂತಿತ್ರಿ ಅಕ್ಕಾರ. ಎಲ್ಲಾರ ಮಕ್ಕಳಿಗೆ ನಿಂತಂಗ."

ಅಷ್ಟು ಹೇಳಿ ಸೆರಗು ಬಾಯಿಗೊತ್ತಿಕೊಂಡಳು. ಇಷ್ಟು ವರ್ಷಗಳಲ್ಲಿ ಅವಳು ನನ್ನೆದುರಿಗೆ ಅತ್ತದ್ದು ಅದೇ ಮೊದಲು. "ಬಸ್ಯಾಗ ಒಮ್ಮಿನೂ ಹಂಗ ನಿಂತದ್ದು ನಾ ನೋಡಲಿಲ್ಲ" ಎಂದಳು. ಆಫೀಸಿನವರು ತಲೆ ಎತ್ತಿ ನೋಡಿದರು. ನೋಡಲಿ ಎಂದು ನಾವಿಬ್ಬರೂ ಹಾಗೇ ಕೂತಿದ್ದೆವು.

ಮನೆಗೆ ಕರೆದುಕೊಂಡು ಹೋಗಿ ಉಣ್ಣಿಸಿದೆ. ಇರು ಎಂದರೆ ಇರಲಿಲ್ಲ. ಮಗ್ಗಕ್ಕೆ ಕಂಡಿಕೆ ಸುತ್ತಿಕೊಡುವವರು ಇಲ್ಲವೆಂದಳು. ಬಸ್ ನಿಲ್ದಾಣಕ್ಕೆ ನಡೆಯುತ್ತ, ಇದೊಂದು ಮಾತಿಗಾಗಿ ಇಷ್ಟು ದೂರ ಬರಬೇಕಿತ್ತೇ, ಕಾಗದ ಬರೆಸಿದ್ದರೆ ಆಗುತ್ತಿರಲಿಲ್ಲವೇ ಎಂದೆ. ಅವಳು ನಿಂತು ನನ್ನ ಮುಖ ನೋಡಿದಳು.

"ನಿಮ್ಮ ಮುಂದ ಹೇಳಲಾರದ ಮತ್ತ ಯಾರ ಮುಂದ ಹೇಳಲಿ?"

ಅದೇ ನಾನು ಅವಳನ್ನು ಕಡೆಯ ಸಲ ನೋಡಿದ್ದು. ಅವಳು ಹೋಗಿ ಬಹಳ ಕಾಲವಾಯಿತು. ಈಗ ನಾನು ಕೊಪ್ಪಳದಲ್ಲಿದ್ದೇನೆ. ಮನೆಗೆ ಹುಡುಗಿಯರು ಬಂದು ಕೂತು ನಕ್ಕು ಹೋಗುತ್ತಾರೆ, ಒಮ್ಮೊಮ್ಮೆ ಒಳ್ಳೆಯ ಸುದ್ದಿಯೂ ಬರುತ್ತದೆ. ಬಂದ ದಿನ, ಯಾರಿಗೆ ಹೇಳಲಿ ಎಂದು ಕೂತಲ್ಲೇ ಸುತ್ತ ನೋಡುತ್ತೇನೆ.